ಅಜ್ಜಿಯ ಸೀರೆ, ಮಗಳ ಸ್ಲೀವ್‌ಲೆಸ್ ಕುರ್ತಾ: ಕೊರಳು-ಕಂಕುಳಿಗೆ ಹಿಡಿದ ನಾಲ್ಕು ಸಂಜೆ

ಹೋದ ತಿಂಗಳು ಪುತ್ತೂರಿಗೆ ಹೋದಾಗ ಅಮ್ಮ ಒಂದು ಹಳೇ ಉಡುಪಿ ಸೀರೆ ಕೊಟ್ಟರು. ಗಿಳಿಹಸಿರು ಮೈ, ಸಣ್ಣ ಚೌಕಳಿ, ಕೆಂಪು ಅಂಚು. ಕೈಮಗ್ಗದ ಹತ್ತಿ. ಉಟ್ಟು, ಒಗೆದು, ಗಂಜಿ ಹಾಕಿ, ಮತ್ತೆ ಉಟ್ಟು ಬಟ್ಟೆ ಬೆಣ್ಣೆ ಥರ ಆಗಿದೆ. "ಒರೆಸುವ ಬಟ್ಟೆಗೆ ಆದೀತು, ತೆಗೆದುಕೊಂಡು ಹೋಗು" ಅಂದಿದ್ದರು. ಬೆಂಗಳೂರಿಗೆ ಬಂದು ಚೀಲ ಬಿಚ್ಚಿದ್ದೇ ತಡ, ಮಗಳು ಸೀರೆಯನ್ನು ಕೆನ್ನೆಗೆ ಒತ್ತಿಕೊಂಡು, "ಅಮ್ಮಾ, ಅಜ್ಜಿ ಸೀರೇಲಿ ನಂಗೊಂದು ಸ್ಲೀವ್‌ಲೆಸ್ ಕುರ್ತಾ" ಅಂತ ಹಿಂದೆ ಬಿದ್ದಳು.

ತೋಳಿದ್ದರೆ ನನಗೆ ಯೋಚನೆಯೇ ಇರಲಿಲ್ಲ. ತೋಳಿನ ಹೊಲಿಗೆ ಎಷ್ಟೋ ತಪ್ಪು ಮುಚ್ಚಿಹಾಕುತ್ತದೆ. ಸ್ಲೀವ್‌ಲೆಸ್ ಅಂದರೆ ಕೊರಳು, ಎರಡು ಕಂಕುಳು, ಮೂರೂ ಕಡೆ ಬಟ್ಟೆಯ ಹಸಿ ಅಂಚು, ಅಂದರೆ ಕತ್ತರಿಸಿದ, ನೂಲು ಬಿಚ್ಚಿಕೊಳ್ಳುವ ಅಂಚು. ಮೂರೂ ವಂಕಿ, ಬಾಗಿದ ಗೆರೆ. ಮೂರೂ ಎಲ್ಲರ ಕಣ್ಣಿಗೆ ಬೀಳುವ ಜಾಗ. ಒಂದು ಅಂಗಡಿಯಲ್ಲಿ ಹಿಂದೊಮ್ಮೆ ನಾನು ಹೊಲಿಸಿದ್ದ ಸ್ಲೀವ್‌ಲೆಸ್ ಬ್ಲೌಸ್ ಮೊದಲ ಒಗೆತಕ್ಕೇ ಕಂಕುಳಲ್ಲಿ ಲೈನಿಂಗ್ ಹೊರಗೆ ಇಣುಕಿಸಿತ್ತು. ನೇರಳೆ ಬ್ಲೌಸು, ಬಿಳಿ ಲೈನಿಂಗ್. ಮದುವೆಮನೆಯಲ್ಲಿ ಇಡೀ ದಿನ ಸೆರಗು ಎಳೆದುಕೊಂಡೇ ಕೂತಿದ್ದೆ. ಅದು ಯಾಕೆ ಹಾಗಾಯ್ತು ಅಂತ ಆಗ ಗೊತ್ತಿರಲಿಲ್ಲ. ಈ ಕುರ್ತಾ ಹೊಲಿಯುವಾಗ ಗೊತ್ತಾಯ್ತು. ಮುಂದೆ ಹೇಳುತ್ತೇನೆ.

ಮೊದಲ ಸಂಜೆ: ಕತ್ತರಿ ಹಾಕುವ ಮುಂಚೆ

ಹಳೇ ಸೀರೆಯಲ್ಲಿ ಎಲ್ಲ ಜಾಗವೂ ಒಂದೇ ಥರ ಇರುವುದಿಲ್ಲ. ಕಿಟಕಿಗೆ ಅಡ್ಡ ಹಿಡಿದು ನೋಡಿದೆ. ನೆರಿಗೆ ಕೆಳಗೆ ನೆಲಕ್ಕೆ ಉಜ್ಜುವ ಕಡೆ ನೂಲು ತೆಳ್ಳಗಾಗಿ ಬೆಳಕು ಜಾಸ್ತಿ ಹಾಯುತ್ತಿತ್ತು. ಪಿನ್ ಚುಚ್ಚುವ ಭುಜದ ಹತ್ತಿರ ಸಣ್ಣ ತೂತುಗಳು. ಸೊಂಟಕ್ಕೆ ಸಿಕ್ಕಿಸುವ ಒಳತುದಿ ಮಾತ್ರ ಇನ್ನೂ ಗಟ್ಟಿ, ಬಣ್ಣವೂ ಹಾಗೇ ಇದೆ. ಎರಡು ಹೆಬ್ಬೆರಳಿನ ಮಧ್ಯೆ ಹಿಡಿದು ಜಗ್ಗಿದೆ. ಚರ್ ಅನ್ನಲಿಲ್ಲ. ಆ ಕಡೆಯಿಂದಲೇ ಒಂದೂವರೆ ಮೀಟರ್ ತೆಗೆಯುವುದು ಅಂತ ತೀರ್ಮಾನ ಮಾಡಿದೆ.

ಸೀರೆಯ ಅಂಚು ಕುರ್ತಾದ ಕೆಳಗೆ ಬರಲಿ ಅಂತ ಆಸೆ. ಆಗ ಕೆಳಗೆ ಮಡಚಿ ಹೊಲಿಯುವ ಕೆಲಸವೂ ತಪ್ಪುತ್ತದೆ. ಸೀರೆಯ ಅಗಲ 46 ಇಂಚು ಇತ್ತು, ಕುರ್ತಾದ ಉದ್ದ 40. ಭುಜದ ಮಾರ್ಜಿನ್ (ಹೊಲಿಗೆಗೆ ಬಿಡುವ ಹೆಚ್ಚಿನ ಬಟ್ಟೆ) ಸೇರಿಸಿದರೂ ಸಾಕು. ಆದರೆ ಹೀಗೆ ಇಟ್ಟರೆ ಬಟ್ಟೆ ಅಡ್ಡಡ್ಡ ಕತ್ತರಿಸಿದ ಹಾಗೆ. ಸೀರೆಯ ಉದ್ದಕ್ಕೆ ಓಡುವ ಹಾಸು ನೂಲು ಕುರ್ತಾದಲ್ಲಿ ಅಡ್ಡ ಬರುತ್ತದೆ, ಹೊಕ್ಕು ನೂಲು ಮೇಲಿಂದ ಕೆಳಗೆ ಇಳಿಯುತ್ತದೆ. ಮೆತ್ತಗಿನ ಹಳೇ ಹತ್ತಿಗೆ ಇದರಿಂದ ತೊಂದರೆ ಏನೂ ಆಗಲಿಲ್ಲ.

ಸೀರೆ ಒಂದೇ ಇರುವುದರಿಂದ ಮೊದಲು ಹರಿದ ಬೆಡ್‌ಶೀಟಿನಲ್ಲಿ ಸೊಂಟದ ತನಕ ಒಂದು ಟ್ರಯಲ್ ಹೊಲಿದೆ. ಮಗಳ ತೋಳಿನ ಕುರ್ತಾದ ಅಳತೆಯನ್ನೇ ತೆಗೆದುಕೊಂಡಿದ್ದೆ. ಹಾಕಿಸಿ ನೋಡಿದರೆ ಕಂಕುಳ ಕೆಳಗೆ ಒಳಬಟ್ಟೆ ಕಾಣುತ್ತದೆ, ಭುಜದ ತುದಿ ಆಚೆ ಚಾಚಿಕೊಂಡಿದೆ. ತೋಳಿರುವ ಬಟ್ಟೆಗೆ ಕೈ ಎತ್ತಲು ಇಳಿಸಿ ಕತ್ತರಿಸಿರುತ್ತಾರೆ. ತೋಳು ತೆಗೆದರೆ ಅಲ್ಲೊಂದು ಕಿಂಡಿ ಉಳಿಯುತ್ತದೆ. ಕಂಕುಳನ್ನು ಅರ್ಧ ಇಂಚು ಮೇಲೆತ್ತಿದೆ. ಭುಜವನ್ನು ಮುಕ್ಕಾಲು ಇಂಚು ಒಳಗೆ ತಂದೆ. ಭುಜದ ಪಟ್ಟಿ ಈಗ ಎರಡೂವರೆ ಇಂಚು.

ಇನ್ನೂ ಒಂದಿತ್ತು. ಮುಂದಿನ ಆರ್ಮ್‌ಹೋಲ್, ಅಂದರೆ ಕೈ ತೂರಿಸುವ ಕಂಕುಳ ಸುತ್ತು, ಮೈಗೆ ಅಂಟದೆ ಬಾಯಿ ಬಿಟ್ಟುಕೊಂಡಿತ್ತು. ಬೆರಳಲ್ಲಿ ಚಿವುಟಿ ಹಿಡಿದರೆ ಅರ್ಧ ಇಂಚು ಜಾಸ್ತಿ ಬಟ್ಟೆ. ಇದನ್ನು ಹೊಲಿಗೆ ಹಾಕುವಾಗ ಎಳೆದು ಸರಿಮಾಡುತ್ತೇನೆ ಅಂದುಕೊಂಡರೆ ಆಗುವುದಿಲ್ಲ, ಸುಕ್ಕು ಬರುತ್ತದೆ ಅಷ್ಟೆ. ಕಾಗದದ ಪ್ಯಾಟರ್ನಿನಲ್ಲೇ ಆ ಅರ್ಧ ಇಂಚನ್ನು ಮಡಚಿ, ಎದೆಯ ಟಕ್ಸ್ (ಆಕಾರ ಬರಲು ಹೊಲಿಯುವ ಚೂಪು ಮಡಿಕೆ) ಕಡೆಗೆ ತಿರುಗಿಸಿದೆ. ಟಕ್ಸ್ ಅಷ್ಟು ಅಗಲ ಆಯ್ತು, ಕಂಕುಳ ಬಾಯಿ ಮುಚ್ಚಿತು. ಎಷ್ಟು ಚೆನ್ನಾಗಿ ಪಟ್ಟಿ ಕೊಟ್ಟರೂ ಕಟಿಂಗಿನಲ್ಲಿ ಬಿಟ್ಟ ತಪ್ಪು ಹೊಲಿಗೆಯಲ್ಲಿ ಹೋಗುವುದಿಲ್ಲ ಅಂತ ನನಗೆ ಹೊಲಿಗೆ ಕಲಿಸಿದ ಟೈಲರ್ ಅಕ್ಕ ಬಯ್ಯುತ್ತಿದ್ದುದು ನೆನಪಾಯ್ತು.

ಕೊರಳಿನ ಸುತ್ತಳತೆ ಹೊಲಿದ ಮೇಲೆ 24 ಇಂಚು ಬರುವ ಹಾಗೆ ಇಟ್ಟೆ. ಮಗಳ ತಲೆ 22. ಹಿಂದೆ ಜಿಪ್, ಹುಕ್ಸು ಏನೂ ಬೇಡ, ತಲೆಯ ಮೇಲಿಂದ ಹಾಕಿಕೊಂಡರಾಯ್ತು. ಈ ಒಂದು ತೀರ್ಮಾನ ಮುಂದೆ ನನ್ನನ್ನು ಹೇಗೆ ಸಿಕ್ಕಿಸಿತು ಅಂತ ನೋಡಿ.

ಸೀರೆ ಕತ್ತರಿಸಿ, ಮುಂಭಾಗವನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ ಅಡುಗೆಗೆ ಹೋದೆ. ಮಾರನೇ ದಿನ ಅಳೆದರೆ ಮುಂದಿನ ಕೊರಳಿನ ವಂಕಿ 13½ ಇಂಚು ಇದ್ದದ್ದು 14¼ ಆಗಿದೆ! ನೇರಕ್ಕೆ ಕತ್ತರಿಸಿದ ಬಟ್ಟೆ ಹಿಗ್ಗುವುದಿಲ್ಲ. ಕೊರಳಿನ ವಂಕಿಯಲ್ಲಿ ಮಾತ್ರ ಎರಡೂ ಪಕ್ಕಕ್ಕೆ ಬಟ್ಟೆ ಓರೆಯಾಗಿ, ಅಂದರೆ ನೂಲಿನ ಸಾಲಿಗೆ ಅಡ್ಡಮೂಲೆಯಾಗಿ, ಬರುತ್ತದೆ. ಓರೆ ಸಿಕ್ಕ ಕಡೆ ಹತ್ತಿ ರಬ್ಬರಿನ ಹಾಗೆ. ಅದರ ಮೇಲೆ ಬಟ್ಟೆಯ ಭಾರ ರಾತ್ರಿಯಿಡೀ ಜೋತುಬಿದ್ದಿದೆ.

ನನ್ನದೇ ತಪ್ಪು. ಕತ್ತರಿಸಿದ ಕೂಡಲೇ, ಬೇರೇನೂ ಮಾಡುವ ಮುಂಚೆ, ಕೊರಳು ಮತ್ತು ಆರ್ಮ್‌ಹೋಲಿನ ಅಂಚಿಗೆ ಒಂದು ಒಂಟಿ ಹೊಲಿಗೆ ಹಾಕಬೇಕಿತ್ತು. ಪಕ್ಕಾ ಹೊಲಿಗೆ ಬರುವ ಗೆರೆಗಿಂತ ಒಂಚೂರು ಆಚೆ, ಮಾರ್ಜಿನ್ ಒಳಗೇ, ಸಣ್ಣ ಟಾಕಿನಲ್ಲಿ. ಭುಜದಿಂದ ಶುರುಮಾಡಿ ಕೊರಳಿನ ನಡುವಿಗೆ ಬಂದು ನಿಲ್ಲಿಸುವುದು, ಆಮೇಲೆ ಇನ್ನೊಂದು ಭುಜದಿಂದ ಮತ್ತೆ ನಡುವಿಗೆ. ಒಂದೇ ಓಟಕ್ಕೆ ಈ ಭುಜದಿಂದ ಆ ಭುಜಕ್ಕೆ ಓಡಿಸಿದರೆ ಬಟ್ಟೆ ಒಂದೇ ಕಡೆಗೆ ವಾಲುತ್ತದೆ.

ಹಿಗ್ಗಿದ್ದನ್ನು ವಾಪಸ್ ತರಲು ಮೆಷಿನಿನ ಉದ್ದ ಟಾಕಿನಲ್ಲಿ ಒಂದು ಸಾಲು ಹೊಲಿದು, ಕೆಳಗಿನ ಬಾಬಿನ್ ದಾರ ಮೆಲ್ಲಗೆ ಎಳೆದೆ. ಕಾಗದದ ಪ್ಯಾಟರ್ನ್ ಮೇಲಿಟ್ಟು ಸರಿಯಾಗಿ ಕೂರುವ ತನಕ ಎಳೆದು, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದೆ. ಉಜ್ಜಲಿಲ್ಲ, ಎತ್ತಿ ಎತ್ತಿ ಇಟ್ಟೆ. ಮುಕ್ಕಾಲು ಇಂಚು ಒಳಗೆ ಹೋಯ್ತು. ಹಳೇ ಹತ್ತಿ ಆದ್ದರಿಂದ ಮಾತು ಕೇಳಿತು. ಪಾಲಿಯೆಸ್ಟರ್ ಆಗಿದ್ದರೆ ಕೇಳುತ್ತಿರಲಿಲ್ಲ.

ಎರಡನೇ ಸಂಜೆ: ಒಳಪಟ್ಟಿ

ನಮ್ಮ ಕಡೆ ಟೈಲರುಗಳು ಸ್ಲೀವ್‌ಲೆಸ್ಸಿಗೆ ಸಾಮಾನ್ಯವಾಗಿ ಕ್ರಾಸ್ ಪಟ್ಟಿ, ಅಂದರೆ ಓರೆಯಾಗಿ ಕತ್ತರಿಸಿದ ಸಣ್ಣ ಪಟ್ಟಿ, ಕೊಡುತ್ತಾರೆ. ಬೇಗ ಆಗುತ್ತದೆ, ಬಟ್ಟೆಯೂ ಕಡಿಮೆ ಸಾಕು. ನಾನು ಇದಕ್ಕೆ ಬೇಡ ಅಂದುಕೊಂಡೆ. ಬಟ್ಟೆ ಸವೆದಿದೆ, ಕುರ್ತಾದ ಭಾರವೆಲ್ಲ ಆ ಎರಡೂವರೆ ಇಂಚಿನ ಭುಜದ ಮೇಲೆ ನಿಲ್ಲಬೇಕು. ಅಲ್ಲಿಗೆ ಒಳಗಿಂದ ಒಂದು ಆಸರೆ ಬೇಕು. ಅದಕ್ಕೆ ಕೊರಳು, ಭುಜ, ಕಂಕುಳು ಎಲ್ಲ ಸೇರಿದ ಒಂದೇ ತುಂಡಿನ ಒಳಪಟ್ಟಿ ಕತ್ತರಿಸಿದೆ. ಮುಂದಕ್ಕೊಂದು, ಹಿಂದಕ್ಕೊಂದು. ಕಂಕುಳಿನಿಂದ ಕೆಳಗೆ ಮೂರು ಇಂಚಿಗೆ ನಿಲ್ಲುತ್ತದೆ. ನೋಡಲಿಕ್ಕೆ ಚಿಕ್ಕ ಬನಿಯನ್ ಇದ್ದ ಹಾಗೆ. ಪೇಸ್ಟಿಂಗ್ ಕ್ಯಾನ್ವಾಸ್ (ಇಸ್ತ್ರಿಯಿಂದ ಅಂಟಿಸುವ ಗಟ್ಟಿ ಬಟ್ಟೆ) ಅಂಟಿಸಲಿಲ್ಲ. ಬೆಣ್ಣೆಯಂಥ ಬಟ್ಟೆಗೆ ರಟ್ಟು ಕಟ್ಟಿದ ಹಾಗೆ ಆಗುತ್ತದೆ.

ಒಳಪಟ್ಟಿಗೆ ಹಸಿರು ರೂಬಿಯಾ, ಬ್ಲೌಸಿಗೆ ಬಳಸುವ ತೆಳು ಬಟ್ಟೆ, ಮುಕ್ಕಾಲು ಮೀಟರ್ ತಂದೆ. ತಂದ ದಿನವೇ ಬಕೆಟ್ ನೀರಲ್ಲಿ ನೆನೆಸಿ, ಹಿಂಡದೆ ಒಣಹಾಕಿದ್ದೆ. ನನ್ನ ನೇರಳೆ ಬ್ಲೌಸಿನ ಗುಟ್ಟು ಅರ್ಧ ಇಲ್ಲೇ ಇತ್ತು. ಹೊಸ ಹತ್ತಿ ಲೈನಿಂಗ್ ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೆ ಅದು ಕುಗ್ಗುತ್ತದೆ, ಮೇಲಿನ ಬಟ್ಟೆ ಹಾಗೇ ಇರುತ್ತದೆ. ಎರಡರ ಜಗಳದಲ್ಲಿ ಅಂಚು ಸುಕ್ಕಾಗಿ ಮಗುಚುತ್ತದೆ.

ಇನ್ನೊಂದು ಸಣ್ಣ ವಿಷಯ. ಒಳಪಟ್ಟಿಯನ್ನು ಕುರ್ತಾದ ಅಳತೆಗೇ ಕತ್ತರಿಸಿ, ಆಮೇಲೆ ಭುಜದ ಪಟ್ಟಿಯಲ್ಲಿ ಕೊರಳಿನ ಕಡೆಗೂ ಕಂಕುಳ ಕಡೆಗೂ 1/16 ಇಂಚು, ಅಂದರೆ ಚಾಕ್ ಗೆರೆಯ ದಪ್ಪದಷ್ಟು, ಕತ್ತರಿಸಿ ತೆಗೆದೆ. ಹೊಲಿಯುವಾಗ ಎರಡರ ಹಸಿ ಅಂಚನ್ನೂ ಸಮ ಮಾಡಿಕೊಳ್ಳಬೇಕು. ಆಗ ಮೇಲಿನ ಬಟ್ಟೆ ಒಂಚೂರು ಉಬ್ಬುತ್ತದೆ. ತಿರುಗಿಸಿದ ಮೇಲೆ ಆ ಉಬ್ಬು ಹೊಲಿಗೆಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಭುಜಗಳನ್ನು ಕೂಡಿಸಿದೆ. ಕುರ್ತಾದ್ದು ಬೇರೆ, ಒಳಪಟ್ಟಿಯದ್ದು ಬೇರೆ. ಭುಜದ ಹೊಲಿಗೆ ಬಿಡಿಸಿ ಇಸ್ತ್ರಿ. ಸೀದಾ ಮೈಗೆ (ಹೊರಗೆ ಕಾಣುವ ಮೈ) ಸೀದಾ ಮೈ ಸೇರಿಸಿ, ಕೊರಳು ಸುತ್ತ ಗುಂಡುಪಿನ್ ಹಾಕಿ, ಕಾಲು ಇಂಚು ಮಾರ್ಜಿನಿನಲ್ಲಿ ಹೊಲಿದೆ. ಮೊದಲು ಮೆಷಿನಿನಲ್ಲಿ 14 ನಂಬರ್ ಸೂಜಿ ಇತ್ತು. ಟ್ರಯಲ್ ತುಂಡಿನಲ್ಲಿ ಪ್ರತಿ ಟಾಕಿಗೂ ತೂತು ಕಂಡಿತು. 11 ನಂಬರ್ ಹಾಕಿದ ಮೇಲೆ ತೂತು ಕಾಣಲಿಲ್ಲ.

ಆಮೇಲೆ ಕಟ್ಸ್, ಅಂದರೆ ಮಾರ್ಜಿನಿಗೆ ಸಣ್ಣ ಸಣ್ಣ ಸೀಳು. ವಂಕಿ ಇದ್ದ ಕಡೆ ಅರ್ಧ ಇಂಚಿಗೊಂದು, ಕತ್ತರಿಯ ತುದಿಯಲ್ಲಿ. ಹೊಲಿಗೆಗೆ ಎರಡು ನೂಲು ಉಳಿಸಿ ನಿಲ್ಲಿಸಬೇಕು. ಒಂದು ನೂಲು ಜಾಸ್ತಿ ಹೋದರೆ ಹೊರಗೆ ತೂತು. ಕಮ್ಮಿ ಹೋದರೆ ಕೊರಳು ತಿರುಗಿಸಿದಾಗ ಅಲ್ಲಲ್ಲಿ ಮೂಲೆ ಮೂಲೆ ಕಾಣುತ್ತದೆ. ನಾನು ಉಸಿರು ಬಿಗಿಹಿಡಿದು ಮಾಡುವ ಕೆಲಸ ಇದೊಂದೇ.

ಈಗ ನೇರಳೆ ಬ್ಲೌಸಿನ ಗುಟ್ಟಿನ ಇನ್ನರ್ಧ. ಕಟ್ಸ್ ಹಾಕಿದ ಮಾರ್ಜಿನನ್ನು ಪೂರ್ತಿ ಒಳಪಟ್ಟಿಯ ಕಡೆಗೆ ತಳ್ಳಿ, ಒಳಪಟ್ಟಿಯ ಸೀದಾ ಮೈ ಮೇಲೆ, ಕೂಡಿಸಿದ ಗೆರೆಗೆ 1/16 ಇಂಚು ಪಕ್ಕದಲ್ಲಿ ಇನ್ನೊಂದು ಹೊಲಿಗೆ ಓಡಿಸುವುದು. ಒಳಪಟ್ಟಿ ಮತ್ತು ಮಾರ್ಜಿನ್ ಮಾತ್ರ ಸಿಗಬೇಕು, ಕುರ್ತಾದ ಮೇಲ್ಮೈ ಸಿಗಬಾರದು. ಅಂಡರ್‌ಸ್ಟಿಚ್ ಅನ್ನುತ್ತಾರೆ. ಹೊರಗಿಂದ ಈ ಹೊಲಿಗೆ ಕಾಣುವುದೇ ಇಲ್ಲ. ಹಾಕದೆ ಬಿಟ್ಟರೆ ಮಾತ್ರ ಕಾಣುತ್ತದೆ! ಎಡಗೈಯಲ್ಲಿ ಕುರ್ತಾ ಒಂದು ಕಡೆಗೆ, ಬಲಗೈಯಲ್ಲಿ ಒಳಪಟ್ಟಿ ಇನ್ನೊಂದು ಕಡೆಗೆ ಬಿಡಿಸಿ ಹಿಡಿದು, ಎರಡೆರಡು ಇಂಚು ಹೊಲಿದು ನಿಲ್ಲಿಸಿ, ಕೆಳಗೆ ಬೆರಳಾಡಿಸಿ ಮಾರ್ಜಿನ್ ಸರಿಯಾದ ಕಡೆ ಇದೆಯಾ ಅಂತ ನೋಡಿ, ಮತ್ತೆ ಎರಡಿಂಚು. 24 ಇಂಚಿಗೆ ಒಂದು ಲೋಟ ಕಾಫಿ ಆರಿಹೋಯ್ತು. ತಿರುಗಿಸಿ ಇಸ್ತ್ರಿ ಇಟ್ಟರೆ ಒಳಪಟ್ಟಿ ತಾನೇ ಒಳಗೆ ಜಾರಿ ಕೂತಿತು. ಅಂಗಡಿಯವರು ಬಿಟ್ಟದ್ದು ಇದನ್ನೇ. ಹತ್ತು ನಿಮಿಷದ ಕೆಲಸ, ಕೇಳಿ ಹೊಲಿಸುವವರೂ ಯಾರೂ ಇಲ್ಲ, ಹಾಗಾಗಿ ಬಿಡುತ್ತಾರೆ ಅನಿಸುತ್ತದೆ.

ಅದೇ ರಾತ್ರಿ, ಹನ್ನೊಂದು ಗಂಟೆ

ಕೊರಳು ಚೆಂದ ಬಂದ ಖುಷಿಯಲ್ಲಿ ನಿದ್ದೆ ಬರಲಿಲ್ಲ. ಕಂಕುಳೂ ಮುಗಿಸಿಬಿಡೋಣ ಅಂತ ಮತ್ತೆ ಕೂತೆ. ಕೊರಳನ್ನು ವಾಪಸ್ ಉಲ್ಟಾ ಮಾಡಿ, ಸೀದಾಕ್ಕೆ ಸೀದಾ ಹಾಸಿ, ಎರಡೂ ಆರ್ಮ್‌ಹೋಲನ್ನು ಹೊಲಿದೆ, ಕಟ್ಸ್ ಹಾಕಿದೆ. ಪಕ್ಕದ ಹೊಲಿಗೆ ಇನ್ನೂ ಹಾಕಿಲ್ಲ, ಆ ಕಡೆಯಿಂದ ಕೈ ಹಾಕಿ ಭುಜದಲ್ಲಿ ಕುರ್ತಾ-ಒಳಪಟ್ಟಿಯ ನಡುವೆ ಉಳಿದ ಸುರಂಗದೊಳಗಿಂದ ಬಟ್ಟೆ ಎಳೆದು ಸೀದಾ ಮಾಡುವುದು ಅಂತ ಲೆಕ್ಕ. ತಂಗಿಯ ಮಗಳ ಫ್ರಾಕಿಗೆ ಹೀಗೇ ಮಾಡಿದ್ದೆ, ಸಲೀಸಾಗಿ ಆಗಿತ್ತು.

ಇಲ್ಲಿ ಆಗಲೇ ಇಲ್ಲ. ಬಲ ಭುಜದಿಂದ ಹಿಂಭಾಗ ಎಳೆದರೆ ಅದು ಎಡ ಭುಜಕ್ಕೆ ಸಿಕ್ಕಿಕೊಂಡಿದೆ. ಎಡದಿಂದ ಎಳೆದರೆ ಬಲಕ್ಕೆ. ಮಗಳು ನೀರು ಕುಡಿಯಲು ಎದ್ದು ಬಂದವಳು ನೋಡಿ, "ಅಮ್ಮಾ, ದಿಂಬಿನ ಕವರ್ ಹೊಲೀತಿದ್ಯಾ?" ಅಂದಳು. ಇನ್ನೇನು ಕತ್ತರಿ ಎಸೆಯುವುದು ಬಾಕಿ.

ನೆಲದ ಮೇಲೆ ಹರವಿಕೊಂಡು ಯೋಚಿಸಿದೆ. ಫ್ರಾಕಿಗೆ ಹಿಂದೆ ಹುಕ್ಸ್ ಇತ್ತು. ಅಂದರೆ ಹಿಂಭಾಗ ಎರಡು ಹೋಳು. ಬಲದ ಹೋಳು ಬಲ ಸುರಂಗದಿಂದ, ಎಡದ ಹೋಳು ಎಡ ಸುರಂಗದಿಂದ ಹೊರಬಂದವು. ಈ ಕುರ್ತಾಕ್ಕೆ ಹಿಂಭಾಗ ಒಂದೇ. ಒಂದೇ ತುಂಡು ಎರಡು ಸುರಂಗದಿಂದ ಒಟ್ಟಿಗೆ ಹೇಗೆ ಬರುತ್ತದೆ? ಬರುವುದಿಲ್ಲ. ಹೊಲಿಗೆ ಒಂದೂ ತಪ್ಪಿಲ್ಲ, ಹೊಲಿದ ಸರದಿ ತಪ್ಪು. ತಲೆಯಿಂದ ಹಾಕಿಕೊಳ್ಳುವ ಕೊರಳು, ಹಿಂದೆ ಬಿಚ್ಚುವ ಜಾಗ ಇಲ್ಲ ಅಂತ ಮೊದಲ ದಿನವೇ ನಾನೇ ತೀರ್ಮಾನ ಮಾಡಿದ್ದೆ, ಅಲ್ವಾ? ಆಗಲೇ ಇದನ್ನೂ ಯೋಚಿಸಬೇಕಿತ್ತು.

ಎರಡೂ ಕಂಕುಳ ಹೊಲಿಗೆ ಬಿಚ್ಚಿದೆ. ಒಂದೊಂದು 16½ ಇಂಚು, ಇಂಚಿಗೆ ಹನ್ನೆರಡು ಟಾಕು, ಹತ್ತಿರ ಹತ್ತಿರ 400 ಟಾಕು. ರಿಪ್ಪರ್ ಹಾಕಿ ಸರ್ರನೆ ಎಳೆದರೆ ಹಳೇ ಬಟ್ಟೆ ಜೊತೆಗೇ ಬರುತ್ತದೆ. ನಾಲ್ಕು ಟಾಕಿಗೊಮ್ಮೆ ಕತ್ತರಿಸಿ, ಹಿಂದಿನ ದಾರವನ್ನು ಎಳೆದು, ಒಂದು ಗಂಟೆ ಹಿಡಿಯಿತು. ಮೊದಲ ಸಂಜೆಯ ಪಾಠ ಕಲಿತು ಆರ್ಮ್‌ಹೋಲಿಗೆ ಒಂಟಿ ಹೊಲಿಗೆ ಹಾಕಿದ್ದರಿಂದ ಅಂಚು ಹಿಗ್ಗದೆ ಉಳಿಯಿತು.

ಮೂರನೇ ಸಂಜೆ: ಪತ್ರೊಡೆ

ಈ ಥರದ ಬಟ್ಟೆಗೆ ಇರುವ ದಾರಿ ಬೇರೆ. ಕುರ್ತಾವನ್ನೇ ಸುರುಳಿ ಸುತ್ತಿ, ಅದನ್ನು ಒಳಗಿಟ್ಟು ಕಂಕುಳು ಹೊಲಿಯುವುದು. ಕರಾವಳಿಯವರಿಗೆ ನಾನು ಒಂದೇ ಮಾತಲ್ಲಿ ಹೇಳುತ್ತೇನೆ: ಪತ್ರೊಡೆ. ಕೆಸುವಿನೆಲೆಗೆ ಹಿಟ್ಟು ಬಳಿದು ಸುರುಳಿ ಸುತ್ತಿ ಬೇಯಿಸುವ ತಿಂಡಿ.

ಕೊರಳನ್ನು ಸೀದಾ ತಿರುಗಿಸಿ, ಇಸ್ತ್ರಿ ಮಾಡಿದ ಸ್ಥಿತಿಯಲ್ಲೇ ಮೇಜಿನ ಮೇಲೆ ಹಾಸಿದೆ. ಪಕ್ಕದ ಹೊಲಿಗೆ ಹಾಕಿಲ್ಲ, ಆದ್ದರಿಂದ ಮುಂದು-ಹಿಂದು ಎರಡೂ ಅಗಲವಾಗಿ ಬಿಚ್ಚಿಕೊಂಡು ಬಿದ್ದಿರುತ್ತದೆ, ನಡುವೆ ಕೊರಳಿನ ತೂತು. ಕುರ್ತಾದ ಸೀದಾ ಮೈ ಮೇಲೆ, ಒಳಪಟ್ಟಿ ಅಡಿಯಲ್ಲಿ. ಮೊದಲು ಬಲ ಕಂಕುಳು. ಎಡ ತುದಿಯಿಂದ ಹಿಡಿದು ಎಲ್ಲವನ್ನೂ, ಕುರ್ತಾ, ಒಳಪಟ್ಟಿ, ಕೊರಳು, ಎಡ ಭುಜ, ಬಿಗಿಯಾಗಿ ಸುತ್ತುತ್ತಾ ಬಲಕ್ಕೆ ಬಂದೆ. ಬಲ ಭುಜದ ಪಟ್ಟಿಯ ಮೇಲೆ ಸುರುಳಿ ಕೂತಿತು. ಈಗ ಅಡಿಯಲ್ಲಿರುವ ಒಳಪಟ್ಟಿಯ ಬಲ ಅಂಚನ್ನು ಮಾತ್ರ ಬಿಡಿಸಿ, ಸುರುಳಿಯ ಕೆಳಗಿಂದ ಆ ಕಡೆ ತಂದು, ಸುರುಳಿಯ ಮೇಲೆ ಹೊದಿಸಿ, ಕುರ್ತಾದ ಬಲ ಅಂಚಿಗೆ ಸೇರಿಸಿದೆ. ಈಗ ಒಳಪಟ್ಟಿಯ ಸೀದಾ ಮೈ ಕುರ್ತಾದ ಸೀದಾ ಮೈಗೆ ಮುಖ ಮಾಡಿದೆ, ನಡುವೆ ಸುರುಳಿ. ಕೆಸುವಿನೆಲೆಯಲ್ಲಿ ಹಿಟ್ಟಿರುವ ಹಾಗೆ.

ಭುಜದ ಹೊಲಿಗೆಗೆ ಭುಜದ ಹೊಲಿಗೆ ಸೇರಿಸಿ ಮೊದಲ ಪಿನ್. ಆಮೇಲೆ ಎರಡು ತುದಿ. ಆಮೇಲೆ ನಡುವೆ. ಸುರುಳಿಯನ್ನು ಬೆರಳಿನಿಂದ ಒಳಗೆ ತಳ್ಳುತ್ತಾ ಕಾಲು ಇಂಚಿನಲ್ಲಿ ಹೊಲಿದೆ. ಸುರುಳಿಯ ಒಂದು ಮಡಿಕೆ ಸೂಜಿಗೆ ಸಿಕ್ಕಿದರೆ ಮುಗೀತು, ಮತ್ತೆ ಬಿಚ್ಚಬೇಕು. ಕಟ್ಸ್ ಹಾಕಿ, ಸುರುಳಿಯ ತುದಿ ಹಿಡಿದು ಮೆಲ್ಲಗೆ ಹೊರಗೆ ಎಳೆದೆ. ಎರಡೂವರೆ ಇಂಚಿನ ಭುಜದ ಸುರಂಗದಲ್ಲಿ ಇಡೀ ಕುರ್ತಾ ಹಾಯಬೇಕು. ತೆಳು ಹತ್ತಿ ಆದ್ದರಿಂದ ಬಂತು. ದಪ್ಪ ಖಾದಿಯೋ ಡೆನಿಮ್ಮೋ ಆಗಿದ್ದರೆ ಭುಜ ಮೂರೂವರೆ ಇಂಚಾದರೂ ಇಡಬೇಕು, ಇಲ್ಲದಿದ್ದರೆ ಈ ದಾರಿಗೆ ಹೋಗಬೇಡಿ.

ಹೊರಗೆ ಬಂದ ಆರ್ಮ್‌ಹೋಲ್ ನೋಡಿ ನನಗೇ ನಂಬಿಕೆ ಬರಲಿಲ್ಲ. ಹಸಿ ಅಂಚು ಎಲ್ಲೂ ಇಲ್ಲ, ಹೊರಗೆ ಹೊಲಿಗೆಯೂ ಇಲ್ಲ. ಮಗಳನ್ನು ಎಬ್ಬಿಸಿ ತೋರಿಸೋಣ ಅನಿಸಿತು. ಎಬ್ಬಿಸಲಿಲ್ಲ, ದಿಂಬಿನ ಕವರಿನ ಮಾತು ಇನ್ನೂ ಚುಚ್ಚುತ್ತಿತ್ತು. ಎಡಗಡೆಗೂ ಹಾಗೇ, ಈ ಸಲ ಬಲದಿಂದ ಸುತ್ತಿಕೊಂಡು ಬರುವುದು.

ಆರ್ಮ್‌ಹೋಲಿಗೆ ಅಂಡರ್‌ಸ್ಟಿಚ್ ಪೂರ್ತಿ ಹಾಕಲಾಗುವುದಿಲ್ಲ. ಭುಜದ ಸುರಂಗದೊಳಗೆ ಮೆಷಿನ್ ಕಾಲು ಹೋಗುವುದಿಲ್ಲ. ಮುಂದಿನಿಂದ ಆದಷ್ಟು ದೂರ, ಹಿಂದಿನಿಂದ ಆದಷ್ಟು ದೂರ ಹಾಕಿದೆ. ನಡುವೆ ಭುಜದ ಮೇಲೆ ಎರಡು ಇಂಚು ಬಿಟ್ಟುಹೋಯ್ತು. ಅಷ್ಟಕ್ಕೆ ಇಸ್ತ್ರಿಯೇ ಸಾಕಾಯ್ತು. ಕಂಕುಳ ಕೆಳಗೆ ವಂಕಿ ಜೋರಿರುವ ಕಡೆ ಹಾಕಿದ್ದೇ ಮುಖ್ಯ.

ಪಕ್ಕದ ಹೊಲಿಗೆಯಲ್ಲಿ ಒಂದು ಸೂಕ್ಷ್ಮ ಇದೆ. ಒಳಪಟ್ಟಿಯನ್ನು ಮೇಲಕ್ಕೆ ಎತ್ತಿ, ಒಳಪಟ್ಟಿಯ ಕೆಳತುದಿಯಿಂದ ಶುರುಮಾಡಿ, ಕಂಕುಳ ಗೆರೆ ದಾಟಿ, ಕುರ್ತಾದ ಪಕ್ಕಕ್ಕೆ ಇಳಿದು, ಸ್ಲಿಟ್ ತನಕ ಒಂದೇ ಓಟದಲ್ಲಿ ಹೊಲಿಯಬೇಕು. ಮುಂದಿನ ಕಂಕುಳ ಹೊಲಿಗೆ, ಹಿಂದಿನ ಕಂಕುಳ ಹೊಲಿಗೆ ಒಂದರ ಮೇಲೊಂದು ಸರಿಯಾಗಿ ಬೀಳಬೇಕು. ಮುಂದಿನ ಮಾರ್ಜಿನನ್ನು ಮೇಲಕ್ಕೆ, ಹಿಂದಿನದನ್ನು ಕೆಳಕ್ಕೆ ಮಡಚಿದರೆ ಎರಡು ಏಣು ಒಂದಕ್ಕೊಂದು ಸಿಕ್ಕಿಕೊಂಡು ಜಾರದೆ ನಿಲ್ಲುತ್ತವೆ, ದಪ್ಪವೂ ಒಂದೇ ಕಡೆ ಗುಡ್ಡೆ ಬೀಳುವುದಿಲ್ಲ. ಅಲ್ಲಿಗೆ ಮೊದಲು ಕೈಯಲ್ಲಿ ಎರಡು ಕಚ್ಚಾ ಟಾಕು ಹಾಕಿಕೊಂಡೆ. ಬಲಗಡೆ ಹಾಗೇ ಮಾಡಿದೆ. ಎಡಗಡೆ ಹೊತ್ತಿಗೆ ನಿದ್ದೆ, ಸುಮ್ನೆ ಪಿನ್ ಮೇಲೆ ಹೊಲಿದೆ.

ನಾಲ್ಕನೇ ಸಂಜೆ: ಉಳಿದದ್ದು, ಮತ್ತು ಒಂದು ಪುಟ್ಟ ಫ್ರಾಕ್

ಕುರ್ತಾದಲ್ಲಿ ಉಳಿದದ್ದು ಸಣ್ಣಪುಟ್ಟದ್ದು. ಸ್ಲಿಟ್ ಮಡಚಿದೆ. ಒಳಪಟ್ಟಿಯ ಕೆಳಅಂಚಿಗೆ ಜಿಗ್‌ಜಾಗ್ ಹಾಕಿದೆ, ಮಡಚಲಿಲ್ಲ. ಮಡಚಿದರೆ ಇಸ್ತ್ರಿ ಹಾಕಿದಾಗ ಎದೆಯ ಮೇಲೆ ಗೆರೆ ಮೂಡುತ್ತದೆ. ಒಳಪಟ್ಟಿಯನ್ನು ಪಕ್ಕದ ಮಾರ್ಜಿನ್‌ಗಳಿಗೆ ಮಾತ್ರ ಕೈಯಲ್ಲಿ ನಾಲ್ಕು ಟಾಕು ಹಾಕಿ ಹಿಡಿಸಿದೆ.

ಸೀರೆಯಲ್ಲಿ ಉಳಿದ ಬಟ್ಟೆಯಲ್ಲಿ ತಂಗಿಯ ಮಗಳಿಗೆ ಒಂದು ಫ್ರಾಕ್ ಹೊರಡುತ್ತಿತ್ತು. ಮಗುವಿನ ಭುಜ ಒಂದೂವರೆ ಇಂಚು. ಅದರಲ್ಲಿ ಪತ್ರೊಡೆ ಆಗುವ ಮಾತಲ್ಲ. ಅದಕ್ಕೆ ಕ್ರಾಸ್ ಪಟ್ಟಿಯೇ ಸರಿ.

ಚೌಕಳಿ ಇದೆಯಲ್ಲ, ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ಓರೆ ಸಿಕ್ಕಿತು ಅಂದುಕೊಂಡೆ. ಟೇಪ್ ಇಟ್ಟರೆ ನಾಲ್ಕು ಚೌಕ ಅಡ್ಡಕ್ಕೆ ಎರಡು ಇಂಚು, ಉದ್ದಕ್ಕೆ ಎರಡೂಕಾಲು. ಕಣ್ಣಿಗೆ ಚೌಕ, ಟೇಪಿಗೆ ಅಲ್ಲ! ಆ ಗೆರೆಯಲ್ಲಿ ಕತ್ತರಿಸಿದ ಪಟ್ಟಿ ಹೊಲಿಯುವಾಗ ತಿರುಚಿಕೊಳ್ಳುತ್ತದೆ. ಹಾಗಾಗಿ ಬಟ್ಟೆಯ ಹಾಸು ನೂಲನ್ನು ಹೊಕ್ಕು ನೂಲಿನ ಮೇಲೆ ತಂದು ಮಡಚಿದೆ. ಆ ಮಡಿಕೆಯ ಗೆರೆಯೇ ಸರಿಯಾದ 45 ಡಿಗ್ರಿ. ಕೊರಳು, ಎರಡು ಕಂಕುಳು ಸೇರಿ ಮಗುವಿಗೆ 40 ಇಂಚು ಪಟ್ಟಿ ಬೇಕಿತ್ತು. ಬಟ್ಟೆ ಎಷ್ಟು ಬೇಕು ಅನ್ನುವುದಕ್ಕೆ ನನ್ನ ಲೆಕ್ಕ ಹೀಗೆ: ಎಂಟು ಇಂಚಿನ ಚೌಕ ಅಂದರೆ 64, ಅದನ್ನು ಪಟ್ಟಿಯ ಅಗಲ ಒಂದೂಕಾಲಿನಿಂದ ಭಾಗಿಸಿದರೆ 51 ಇಂಚು ಚಿಲ್ಲರೆ. ಜೋಡಿಸುವ ಕಡೆ ಸ್ವಲ್ಪ ಹೋದರೂ ಸಾಕು.

ಪಟ್ಟಿಯನ್ನು ಉದ್ದಕ್ಕೆ ಅರ್ಧ ಮಡಚಿ ಇಸ್ತ್ರಿ ಮಾಡಿದೆ. ಹಾಗೇ ಹೊಲಿಯಲಿಲ್ಲ. ಇಸ್ತ್ರಿ ಬಿಸಿ ಇರುವಾಗಲೇ ಪಟ್ಟಿಯನ್ನು ಬಾಳೆಕಾಯಿಯ ಹಾಗೆ ಬಗ್ಗಿಸಿಕೊಂಡೆ. ಮಡಿಕೆಯ ಕಡೆ ಹೊರಗೆ, ಹಸಿ ಅಂಚು ಒಳಗೆ. ಯಾಕೆಂದರೆ ಪಟ್ಟಿ ಒಳಗೆ ತಿರುಗಿದ ಮೇಲೆ ಮಡಿಕೆಯ ಅಂಚು ಕೊರಳಿಗಿಂತ ದೊಡ್ಡ ಸುತ್ತಿನಲ್ಲಿ ಕೂರಬೇಕು. ಮೊದಲೇ ಹಿಗ್ಗಿಸಿಕೊಳ್ಳದಿದ್ದರೆ ಅದು ಬಟ್ಟೆಯನ್ನು ಒಳಗೆ ಜಗ್ಗಿ ಕೊರಳಿನ ಸುತ್ತ ಚಕ್ಕುಲಿ ಥರ ಸುಕ್ಕು ಬರುತ್ತದೆ. ಹೊರಗೆ ಕಾಣುವ ಪೈಪಿಂಗ್ ಕೊಡುವುದಾದರೆ ಲೆಕ್ಕ ಉಲ್ಟಾ. ಅಲ್ಲಿ ಮಡಿಕೆ ಕೊರಳಿನ ಒಳಸುತ್ತಿಗೆ ಬರುತ್ತದೆ, ಹಾಗಾಗಿ ವಂಕಿಯಲ್ಲಿ ಪಟ್ಟಿಯನ್ನು ಒಂಚೂರು ಎಳೆದು ಹೊಲಿಯಬೇಕು, ಇಲ್ಲದಿದ್ದರೆ ಜೋಲುತ್ತದೆ.

ಪಟ್ಟಿಯ ಜೋಡಣೆ ಕಂಕುಳ ಕೆಳಗೇ ಬರಲಿ. ಕಾಲು ಇಂಚಿನಲ್ಲಿ ಹೊಲಿದು, ಕಟ್ಸ್ ಹಾಕಿ, ಅಂಡರ್‌ಸ್ಟಿಚ್ ಹಾಕಿ, ಒಳಗೆ ತಿರುಗಿಸಿದೆ. ಮಡಿಕೆಯನ್ನು ಕೈಯಲ್ಲೇ ಹೆಮ್ಮಿಂಗ್ ಮಾಡಿದೆ. ಮೆಷಿನ್ ಓಡಿಸಿದರೆ ಐದು ನಿಮಿಷ, ಕೈಯಲ್ಲಿ ಒಂದು ಗಂಟೆ. ಆದರೂ ಮಗುವಿನ ಬಟ್ಟೆಗೆ ನಾನು ಕೈಯನ್ನೇ ಒಪ್ಪುತ್ತೇನೆ. ಮೆಷಿನ್ ಹೊಲಿಗೆ ಅಂಚನ್ನು ಗಟ್ಟಿ ಮಾಡುತ್ತದೆ, ಕಂಕುಳಲ್ಲಿ ಉಜ್ಜಿ ಕೆಂಪಗಾಗುತ್ತದೆ.

ಕುರ್ತಾ ಈಗ ಮೂರು ಒಗೆತ ಕಂಡಿದೆ. ಕೊರಳು ಅಲ್ಲಾಡಿಲ್ಲ. ಒಳಪಟ್ಟಿ ಇಣುಕಿಲ್ಲ. ಅಂಡರ್‌ಸ್ಟಿಚ್ ಬಿಟ್ಟುಹೋದ ಭುಜದ ಆ ಎರಡಿಂಚಿನಲ್ಲಿ ಮಾತ್ರ ರೂಬಿಯಾ ಸ್ವಲ್ಪ ಮೇಲೇಳುತ್ತದೆ, ಪ್ರತಿ ಸಲ ಇಸ್ತ್ರಿ ಹಾಕುವಾಗ ಒತ್ತಬೇಕು.

ಹೋದ ವಾರ ಮಗಳು ಅದನ್ನೇ ಹಾಕಿಕೊಂಡು ಪುತ್ತೂರಿಗೆ ಹೋದಳು. ರಾತ್ರಿ ಅಮ್ಮನ ಫೋನು. "ಎಂತ ಮಾರಾಯ್ತಿ, ಸೀರೆ ಕತ್ತರಿಸಿಯೇ ಬಿಟ್ಟೆಯಾ?" ಬೈಗುಳ ಇನ್ನೂ ಇದೆ ಅಂತ ಕಾದೆ. "ಚೆಂದ ಆಗಿದೆ. ಅವಳು ಸ್ನಾನಕ್ಕೆ ಹೋದಾಗ ಒಳಗಡೆ ತಿರುಗಿಸಿ ನೋಡಿದೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಡ ಕಂಕುಳಲ್ಲಿ ಎರಡು ನೂಲು ಆಚೀಚೆ ಆಗಿದೆಯಲ್ಲ, ನಿದ್ದೆ ಬಂದಿತ್ತಾ?"